ಚಿಕ್ಕ ಮಕ್ಕಳಿಗೆ ಆಕಾರ, ಅಳತೆ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

3ರಿಂದ 10 ವರ್ಷದೊಳಗಿನ ಮಕ್ಕಳಿಗೆ ಆಕಾರ, ಉದ್ದ, ತೂಕ, ಅಳತೆ ಇವನ್ನೆಲ್ಲ ಹೇಗೆ ಕಲಿಸುವುದು ಅಂತ ಅಪ್ಪ ಅಮ್ಮಂದಿರು, ಅಂಗನವಾಡಿ ಕಾರ್ಯಕರ್ತೆಯರು, ಪ್ರಾಥಮಿಕ ಶಾಲೆಯ ಟೀಚರ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಎಲ್ಲ ಉತ್ತರಗಳ ಹಿಂದೆಯೂ ಒಂದೇ ಮಾತಿದೆ: ಮೊದಲು ಕೈ ಮುಟ್ಟಬೇಕು, ಆಮೇಲೆ ಹೆಸರು ಬರಬೇಕು, ಸೂತ್ರ ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ಇದು ಬಹಳ ಸಲ ತಲೆಕೆಳಗಾಗುತ್ತದೆ. ಐದನೇ ಕ್ಲಾಸಿನ ಮಗು "ವಿಸ್ತೀರ್ಣ ಅಂದರೆ ಉದ್ದ ಗುಣಿಸು ಅಗಲ" ಅಂತ ಥಟ್ಟನೆ ಹೇಳುತ್ತದೆ, ಆದರೆ ನಿನ್ನ ಮೇಜಿನ ಮೇಲೆ ಎಷ್ಟು ನೋಟ್‌ಬುಕ್ ಹರಡಬಹುದು ಅಂತ ಕೇಳಿದರೆ ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತಲೇ ಹೊಳೆಯುವುದಿಲ್ಲ.

ಯಾವ ವಯಸ್ಸಿನಿಂದ ಶುರು ಮಾಡಬೇಕು?

ನಿಮ್ಮ ಮಗು ಆಗಲೇ ಶುರು ಮಾಡಿದೆ. ಅಡುಗೆಮನೆಯಲ್ಲಿ ಡಬ್ಬಿಯೊಳಗೆ ಡಬ್ಬಿ ತುರುಕುತ್ತಾ ಕೂತಿದೆಯಲ್ಲ, ಅದೇ ಮೊದಲ ಪಾಠ. ಈ ವಯಸ್ಸಿನಲ್ಲಿ ನೀವು ಮಾಡಬೇಕಾದ ಕೆಲಸ ಅಂದರೆ ಮಾತಾಡುವುದು. "ಅಲ್ಲಿದೆ ನೋಡು" ಅನ್ನುವ ಬದಲು "ಫ್ರಿಡ್ಜ್ ಪಕ್ಕದ ಸ್ಟೂಲಿನ ಕೆಳಗಿದೆ ನೋಡು" ಅನ್ನಿ. ಒಳಗೆ, ಹೊರಗೆ, ಆಚೆ, ಈಚೆ, ಎದುರು, ಹಿಂದೆ, ನಡುವೆ. ಇವು ದಿನಾ ಕಿವಿಗೆ ಬಿದ್ದ ಮಗುವಿಗೆ ಮುಂದೆ ಬಲಗಡೆ ಮೂಲೆ, ಮಧ್ಯದ ಗೆರೆ ಅಂದಾಗ ಕಷ್ಟವಾಗುವುದಿಲ್ಲ.

ಇನ್ನೊಂದು ವಿಷಯ. ಎಲ್ಲದಕ್ಕೂ "ಯಾವುದು ದೊಡ್ಡದು" ಅಂತ ಕೇಳಬೇಡಿ. ಉದ್ದವಾ, ಅಗಲವಾ, ಎತ್ತರವಾ, ದಪ್ಪವಾ, ಭಾರವಾ? ಏನು ಕೇಳುತ್ತಿದ್ದೀರೋ ಅದನ್ನೇ ಹೇಳಿ. ಉದ್ದ ಸಣಕಲು ಬಾಟಲಿ, ಗಿಡ್ಡ ದಪ್ಪ ಬಾಟಲಿ ಎರಡನ್ನೂ ಇಟ್ಟು ಯಾವುದು ದೊಡ್ಡದು ಅಂದರೆ ದೊಡ್ಡವರಿಗೂ ಉತ್ತರ ಹೇಳುವುದು ಕಷ್ಟ, ಅಲ್ವಾ?

ನನ್ನ ಮಗಳಿಗೆ ಆಕಾರಗಳ ಹೆಸರೆಲ್ಲ ಬರುತ್ತದೆ. ಚಾರ್ಟ್ ತೋರಿಸಿದರೆ ಪಟಪಟ ಹೇಳುತ್ತಾಳೆ. ಇನ್ನು ಕಲಿಸೋಕೆ ಏನಿದೆ?

ಬಹಳ ಇದೆ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ತ್ರಿಭುಜವನ್ನು ತಲೆಕೆಳಗಾಗಿ ಬರೆಯಿರಿ. ಇನ್ನೊಂದನ್ನು ತುಂಬಾ ಸಣಕಲಾಗಿ, ಮುಳ್ಳಿನ ತರ ಬರೆಯಿರಿ. ಮೂರನೆಯದಕ್ಕೆ ಒಂದು ಬಾಹು ಸ್ವಲ್ಪ ಬಾಗಿರಲಿ. ನಾಲ್ಕನೆಯದರಲ್ಲಿ ಒಂದು ಮೂಲೆ ಸೇರದೆ ತೆರೆದಿರಲಿ. ಯಾವ್ಯಾವುದು ತ್ರಿಭುಜ ಅಂತ ಕೇಳಿ. ಚಾರ್ಟ್ ಓದುವ ಎಷ್ಟೋ ಮಕ್ಕಳು ಮೊದಲ ಎರಡನ್ನು ಅಲ್ಲ ಅನ್ನುತ್ತಾರೆ, ಬಾಗಿದ್ದನ್ನು ಹೌದು ಅನ್ನುತ್ತಾರೆ. ಯಾಕೆ ಅಂದರೆ ಚಾರ್ಟಿನಲ್ಲಿ ತ್ರಿಭುಜ ಯಾವಾಗಲೂ ಒಂದೇ ತರ ಇರುತ್ತದೆ: ಅಡಿಯಲ್ಲಿ ನೆಟ್ಟಗಿನ ಗೆರೆ, ಮೇಲೆ ಚೂಪು, ಮೂರೂ ಬಾಹು ಸಮ.

ನೆದರ್ಲೆಂಡ್ಸಿನ ಪಿಯರ್ ವಾನ್ ಹೀಲ, ಡೀನಾ ವಾನ್ ಹೀಲ ಎಂಬ ಗಂಡ ಹೆಂಡತಿ, ಇಬ್ಬರೂ ಟೀಚರ್‌ಗಳು, 1957ರಲ್ಲಿ ತಮ್ಮ ಸಂಶೋಧನೆಯಲ್ಲಿ ಇದನ್ನೇ ಬಿಡಿಸಿ ಹೇಳಿದರು. ಮಗು ಮೊದಲು ಆಕಾರವನ್ನು ಇಡಿಯಾಗಿ, ನೋಡಲು ಹೇಗಿದೆ ಅನ್ನುವುದರ ಮೇಲೆ ಗುರುತಿಸುತ್ತದೆ. "ಇದು ಬಾಗಿಲ ತರ ಇದೆ, ಅದಕ್ಕೇ ಆಯತ." ಅದರ ಗುಣಗಳನ್ನು, ಅಂದರೆ ಎಷ್ಟು ಬಾಹು, ಮೂಲೆ ಹೇಗಿದೆ, ಯಾವುದು ಯಾವುದಕ್ಕೆ ಸಮ ಅನ್ನುವುದನ್ನು ನೋಡುವುದು ಎರಡನೇ ಮೆಟ್ಟಿಲು. ಈ ಮೆಟ್ಟಿಲು ವಯಸ್ಸಾದ ಮಾತ್ರಕ್ಕೆ ಹತ್ತಿಸುವುದಿಲ್ಲ, ಎಂಥ ಅನುಭವ ಸಿಕ್ಕಿತು ಅನ್ನುವುದರ ಮೇಲೆ ನಿಂತಿದೆ.

ಹಾಗಾಗಿ ಹೆಸರು ಕೇಳುವುದು ಬಿಟ್ಟು "ಹೇಗೆ ಗೊತ್ತಾಯ್ತು?" ಅಂತ ಕೇಳಿ. ತ್ರಿಭುಜ ಅಲ್ಲದ್ದನ್ನೂ ತೋರಿಸಿ. ಪೊರಕೆ ಕಡ್ಡಿ ಮುರಿದು ತ್ರಿಭುಜ ಮಾಡಲು ಹೇಳಿ, ಆಮೇಲೆ ಎರಡು ಗಿಡ್ಡ ಕಡ್ಡಿ, ಒಂದು ತುಂಬಾ ಉದ್ದದ ಕಡ್ಡಿ ಕೊಡಿ. ಸೇರಿಸಲು ಆಗುವುದೇ ಇಲ್ಲ. ಎರಡು ಗಿಡ್ಡ ಕಡ್ಡಿಗಳು ಸೇರಿಯೂ ಉದ್ದದ ಕಡ್ಡಿಗಿಂತ ಕಡಿಮೆ ಇದ್ದರೆ ತ್ರಿಭುಜ ಮುಚ್ಚುವುದಿಲ್ಲ ಅನ್ನುವುದನ್ನು ಏಳು ವರ್ಷದ ಮಗು ತಾನೇ ಕಂಡುಹಿಡಿಯುತ್ತದೆ, ಅದೂ ಒಂದು ಪೊರಕೆ ಕಡ್ಡಿಯಿಂದ.

ಚೌಕವನ್ನು ಓರೆಯಾಗಿ ಇಟ್ಟರೆ "ಡೈಮಂಡ್" ಅನ್ನುತ್ತಾನೆ. ತಿದ್ದಬೇಕಾ?

ತಪ್ಪು ಅಂತ ಹೇಳಬೇಡಿ, ತಿರುಗಿಸಿ ತೋರಿಸಿ. ರಟ್ಟಿನಲ್ಲಿ ಕತ್ತರಿಸಿದ ಚೌಕವನ್ನು ಅವನ ಕೈಗೇ ಕೊಟ್ಟು ನಿಧಾನವಾಗಿ ತಿರುಗಿಸಲು ಹೇಳಿ. ಎಲ್ಲಿಗೆ ಬಂದಾಗ ಅದು ಚೌಕ ಆಗುವುದು ನಿಲ್ಲುತ್ತದೆ ಅಂತ ಕೇಳಿ. ಅಲ್ಲಿ ಯೋಚನೆ ಶುರುವಾಗುತ್ತದೆ.

"ಚೌಕವೂ ಒಂದು ಆಯತವೇ" ಅನ್ನುವುದನ್ನು ಒಂದನೇ ಕ್ಲಾಸಿನಲ್ಲಿ ಹೇರುವುದು ಬೇಡ. ಆದರೆ ದಯವಿಟ್ಟು "ಆಯತಕ್ಕೆ ಎರಡು ಬಾಹು ಉದ್ದ, ಎರಡು ಬಾಹು ಗಿಡ್ಡ" ಅಂತಲೂ ಹೇಳಿಕೊಡಬೇಡಿ. ಮುಂದೆ ಅದನ್ನು ಕೀಳುವುದು ಬಹಳ ಕಷ್ಟ. ನಾಲ್ಕು ಬಾಹು, ನಾಲ್ಕೂ ನೆಟ್ಟಗಿನ ಮೂಲೆ, ಅಷ್ಟೇ ಸಾಕು.

ಮೊದಲು ಚಪ್ಪಟೆ ಆಕೃತಿಗಳನ್ನು ಕಲಿಸಬೇಕಾ, ಘನಾಕೃತಿಗಳನ್ನಾ?

ಘನಾಕೃತಿಗಳಿಂದ ಶುರು ಮಾಡಿ. ಮಗುವಿನ ಲೋಕದಲ್ಲಿ ಇರುವುದು ಅವೇ. ವೃತ್ತವನ್ನು ಯಾರೂ ಕೈಯಲ್ಲಿ ಹಿಡಿಯಲು ಆಗುವುದಿಲ್ಲ, ಚೆಂಡನ್ನು ಹಿಡಿಯಬಹುದು. 1837ರಲ್ಲಿ ಜರ್ಮನಿಯಲ್ಲಿ ಮೊದಲ ಕಿಂಡರ್‌ಗಾರ್ಟನ್ ತೆರೆದ ಫ್ರೋಬೆಲ್ ಮಕ್ಕಳ ಕೈಗೆ ಕೊಟ್ಟ ಆಟಿಕೆಗಳಲ್ಲಿ ಮೊದಲನೆಯದು ಉಣ್ಣೆಯ ಚೆಂಡುಗಳು, ಆಮೇಲೆ ಮರದ ಗೋಳ, ಸಿಲಿಂಡರ್, ಘನ. ಅವನ ಆಟಿಕೆಗಳ ಸಾಲಿನಲ್ಲಿ ಚಪ್ಪಟೆ ಹಲಗೆ ತುಂಡುಗಳು ಬಂದದ್ದು ಇವೆಲ್ಲ ಆದ ಮೇಲೆ.

ಮನೆಯಲ್ಲಿ ಹೀಗೆ ಮಾಡಬಹುದು. ಒಂದು ಹಲಗೆಯನ್ನು ಇಳಿಜಾರಾಗಿ ಇಡಿ. ನಿಂಬೆಹಣ್ಣು, ಬೆಂಕಿಪೊಟ್ಟಣ, ಪೌಡರ್ ಡಬ್ಬ, ಬಳೆ ಒಂದೊಂದಾಗಿ ಬಿಡಿ. ಯಾವುದು ಉರುಳುತ್ತದೆ, ಯಾವುದು ಜಾರುತ್ತದೆ? ಪೌಡರ್ ಡಬ್ಬ ಎರಡೂ ಮಾಡುತ್ತದೆ, ಇಡುವ ರೀತಿ ನೋಡಿಕೊಂಡು. ಲಗೋರಿ ಆಡಿದ ಮಕ್ಕಳಿಗೆ ಚಪ್ಪಟೆ ಮುಖ ಇದ್ದರೆ ಮಾತ್ರ ಕಲ್ಲು ಮೇಲೆ ಕಲ್ಲು ನಿಲ್ಲುತ್ತದೆ ಅಂತ ಯಾರೂ ಹೇಳಬೇಕಾಗಿಲ್ಲ. ಆಮೇಲೆ ಡಬ್ಬವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯಿರಿ. ಸಿಲಿಂಡರಿನ ಅಡಿಯಿಂದ ವೃತ್ತ ಬಂತು, ಬೆಂಕಿಪೊಟ್ಟಣದಿಂದ ಆಯತ ಬಂತು, ಅದೂ ಮೂರು ಬೇರೆ ಬೇರೆ ಅಳತೆಯ ಆಯತ. ಖಾಲಿಯಾದ ಟೂತ್‌ಪೇಸ್ಟ್ ಪೊಟ್ಟಣವನ್ನು ಅಂಟಿನ ಕಡೆಯಿಂದ ಬಿಡಿಸಿ ಹರಡಿ, ಮತ್ತೆ ಕಟ್ಟಲು ಹೇಳಿ.

ರಂಗೋಲಿಯಿಂದ ನಿಜವಾಗಲೂ ಗಣಿತ ಬರುತ್ತದಾ, ಸುಮ್ನೆ ಹೇಳುತ್ತಾರಾ?

ಬರುತ್ತದೆ, ಆದರೆ ಪುಸ್ತಕ ನೋಡಿ ಬಣ್ಣ ತುಂಬಿದರೆ ಅಲ್ಲ, ಚುಕ್ಕಿ ಇಟ್ಟರೆ. 7 ಚುಕ್ಕಿ ನೇರವಾಗಿ ಇಟ್ಟು 5, 3, 1 ಅಂತ ಎರಡೂ ಕಡೆ ಇಳಿಸಿದರೆ ಒಟ್ಟು 25 ಚುಕ್ಕಿ. ಹೊರಗಿನ ಚುಕ್ಕಿಗಳನ್ನು ಸೇರಿಸಿದರೆ ಓರೆಯಾಗಿ ನಿಂತ ಚೌಕ. ಅದೇ 7 ಚುಕ್ಕಿಯಿಂದ ಮಧ್ಯ ಚುಕ್ಕಿ ಇಡುತ್ತಾ 6, 5, 4ಕ್ಕೆ ನಿಲ್ಲಿಸಿದರೆ 37 ಚುಕ್ಕಿ, ಹೊರಗೆ ಷಡ್ಭುಜ. ಚುಕ್ಕಿ ಇಡುವ ರೀತಿ ಬದಲಾದರೆ ಆಕಾರವೇ ಬದಲಾಗುತ್ತದೆ. ಮಗುವಿಗೆ ಚುಕ್ಕಿ ಇಡುವ ಮೊದಲೇ "ಒಟ್ಟು ಎಷ್ಟಾಗಬಹುದು?" ಅಂತ ಕೇಳಿ.

ಸಮ್ಮಿತಿ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ನೀವು ಅರ್ಧ ಬಿಡಿಸಿ, ಉಳಿದರ್ಧ ಮಗು ಬಿಡಿಸಲಿ. ಎಲ್ಲಿ ತಪ್ಪಿತು ಅಂತ ನೀವು ಹೇಳುವ ಮೊದಲೇ ಅದಕ್ಕೆ ಕಾಣುತ್ತದೆ. ಗಂಡು ಮಕ್ಕಳನ್ನೂ ಕೂರಿಸಿ. ಕುಂಟೆಬಿಲ್ಲೆ ಮನೆ, ಚೌಕಾಬಾರದ 5×5 ಮನೆ ಬರೆಯುವುದೂ ಇಂಥದ್ದೇ ಕೆಲಸ. 25 ಮನೆ ಒಂದೇ ಸಮ ಬರಬೇಕು ಅಂದರೆ ಗೆರೆ ಎಲ್ಲಿ ಎಳೆಯಬೇಕು ಅಂತ ಮೊದಲೇ ಯೋಚಿಸಬೇಕು.

ಗೇಣು, ಮೊಳ ಎಲ್ಲ ಹಳೇ ಕಾಲದ್ದು. ನೇರವಾಗಿ ಸ್ಕೇಲ್ ಕೊಟ್ಟರೆ ಆಗಲ್ವಾ?

ಕೊಡಬಹುದು, ಆದರೆ ಮಗು ಆಗ ಅಂಕಿ ಓದುತ್ತದೆ, ಅಳೆಯುವುದಿಲ್ಲ. ಅಳೆಯುವುದು ಅಂದರೆ ಒಂದೇ ಗಾತ್ರದ ತುಂಡನ್ನು ಸಂದು ಬಿಡದೆ, ಒಂದರ ಮೇಲೊಂದು ಬರದ ಹಾಗೆ ಜೋಡಿಸಿ ಎಣಿಸುವುದು. ಸ್ಕೇಲಿನಲ್ಲಿ ಈ ಕೆಲಸವನ್ನು ಯಾರೋ ಆಗಲೇ ಮಾಡಿಟ್ಟಿದ್ದಾರೆ, ಹಾಗಾಗಿ ಅದು ಮಗುವಿಗೆ ಕಾಣುವುದಿಲ್ಲ. ಗೇಣು ಹಾಕುವಾಗ ಕಾಣುತ್ತದೆ.

ಮೊದಲು ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲಿ, ಒಂದು ತುದಿ ಸಮ ಮಾಡಿಕೊಂಡು. ಪಕ್ಕ ಇಡಲು ಆಗದಿದ್ದರೆ ದಾರ ಬಳಸಲಿ. ಮಂಚ ಬಾಗಿಲಲ್ಲಿ ಹಿಡಿಸುತ್ತದಾ? ಮಂಚ ತರುವ ಹಾಗಿಲ್ಲ, ದಾರ ತರಬಹುದು. ಇದು ದೊಡ್ಡ ಹೆಜ್ಜೆ, ಇದಕ್ಕೆ ಸಾಕಷ್ಟು ದಿನ ಕೊಡಿ. ಆಮೇಲೆ ಗೇಣು, ಹೆಜ್ಜೆ, ಬೆಂಕಿಕಡ್ಡಿ, ಪೆನ್ಸಿಲ್. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಸುಮಾರು ಒಂದು ಮಾರು ಅನ್ನುವುದನ್ನು ತನ್ನ ಕೈಯಲ್ಲೇ ಪರೀಕ್ಷಿಸಲಿ.

ಆಮೇಲೆ ಒಂದು ದಿನ ಹೂವಿನ ಅಂಗಡಿಗೆ ಕರೆದುಕೊಂಡು ಹೋಗಿ. ಒಂದು ಮೊಳ ಮಲ್ಲಿಗೆ ಕೊಳ್ಳಿ, ಮನೆಗೆ ಬಂದು ಮಗುವಿನ ಮೊಳದಲ್ಲಿ, ನಿಮ್ಮ ಮೊಳದಲ್ಲಿ, ಅಜ್ಜನ ಮೊಳದಲ್ಲಿ ಅಳೆಯಿರಿ. ಮೂರು ಉತ್ತರ ಬರುತ್ತದೆ. ಹಾಗಾದರೆ ಯಾರ ಮೊಳ ಸರಿ? ಎಲ್ಲರಿಗೂ ಒಂದೇ ಅಳತೆ ಬೇಕು ಅನ್ನುವುದು ಮಗುವಿನ ಬಾಯಿಂದಲೇ ಬರಬೇಕು. ನಮ್ಮ ದೇಶಕ್ಕೂ ಈ ತೊಂದರೆ ಇತ್ತು. ಊರಿಗೊಂದು ಸೇರು, ಸೀಮೆಗೊಂದು ಮಣ. 1956ರಲ್ಲಿ ಕಾನೂನು ಮಾಡಿ, 1958ರಿಂದ ಹಂತ ಹಂತವಾಗಿ ಮೀಟರ್, ಕಿಲೋಗ್ರಾಂ ತಂದರು. ಈ ಕಥೆ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಮನೆಯಲ್ಲಿ ಸೇರು, ಪಾವು ಕಂಡ ಅಜ್ಜಿ ಇದ್ದರೆ ಅವರ ಬಾಯಿಂದಲೇ ಹೇಳಿಸಿ.

ಸ್ಕೇಲ್ ಕೊಟ್ಟರೂ ತಪ್ಪು ಅಳೆಯುತ್ತಾಳೆ. ಯಾವಾಗಲೂ ಒಂದು ಸೆಂಟಿಮೀಟರ್ ಜಾಸ್ತಿ ಬರುತ್ತದೆ.

ಅವಳು 1ರಿಂದ ಶುರು ಮಾಡುತ್ತಿದ್ದಾಳೆ. ಎಣಿಕೆ 1ರಿಂದ ಶುರು ಅಂತ ನಾವೇ ಕಲಿಸಿದ್ದೇವಲ್ಲ! ಇನ್ನು ಕೆಲವರು ಸ್ಕೇಲಿನ ಪ್ಲಾಸ್ಟಿಕ್ ತುದಿಯಿಂದ ಅಳೆಯುತ್ತಾರೆ, ಸೊನ್ನೆ ಅದಕ್ಕಿಂತ ಸ್ವಲ್ಪ ಒಳಗಿರುತ್ತದೆ. "ಸೊನ್ನೆಯಿಂದ ಇಡು" ಅಂತ ಎಷ್ಟು ಸಲ ಹೇಳಿದರೂ ಅದು ಬರೀ ನಿಯಮ ಆಗಿ ಉಳಿಯುತ್ತದೆ.

ಸ್ಕೇಲನ್ನು ಮಗುವೇ ಮಾಡಲಿ. ಗ್ರಾಫ್ ಹಾಳೆಯಿಂದ ಒಂದು ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ ಒಂದೊಂದು ಚೌಕಕ್ಕೆ ಒಂದು ಬಣ್ಣ ಬಿಟ್ಟು ಒಂದು ಬಣ್ಣ ಹಚ್ಚಿಸಿ. ಮೊದಲು ಅಂಕಿಯೇ ಬೇಡ, ಚೌಕಗಳನ್ನು ಎಣಿಸಲಿ. ಆಮೇಲೆ "ಪ್ರತಿ ಸಲ ಎಣಿಸೋಕೆ ಬೇಜಾರು, ಅಲ್ವಾ? ಅಂಕಿ ಎಲ್ಲಿ ಬರೆಯೋಣ?" ಅಂತ ಕೇಳಿ. ಒಂದು ಚೌಕ ಮುಗಿದ ಕಡೆ 1. ಹಾಗಾದರೆ ಶುರುವಿನಲ್ಲಿ ಏನು? ಅಲ್ಲಿ ಸೊನ್ನೆ ತಾನಾಗಿ ಬರುತ್ತದೆ. ಎಣಿಸುವುದು ಗೆರೆಗಳನ್ನಲ್ಲ, ಗೆರೆಗಳ ನಡುವಿನ ಜಾಗವನ್ನು ಅಂತ ಅರಿವಾಗುವುದು ಇಲ್ಲೇ.

ಅರ್ಥವಾಗಿದೆಯಾ ಅಂತ ನೋಡಲು ತುದಿ ಮುರಿದ ಸ್ಕೇಲ್ ಕೊಡಿ. ಪೆನ್ಸಿಲ್ 3ರಿಂದ 11ರವರೆಗೆ ಇದೆ, ಉದ್ದ ಎಷ್ಟು? 11 ಅಂದರೆ ಇನ್ನೂ ಅಂಕಿ ಓದುತ್ತಿದೆ, 9 ಅಂದರೆ ಗೆರೆ ಎಣಿಸುತ್ತಿದೆ, 8 ಅಂದರೆ ಮುಂದೆ ಹೋಗಬಹುದು.

ಅಂದಾಜಿಗೆ ಕೆಲವು ಸಂಗಾತಿಗಳೂ ಬೇಕು. ಈಗಿನ 500 ರೂಪಾಯಿ ನೋಟಿನ ಉದ್ದ ಸರಿಯಾಗಿ 15 ಸೆಂ.ಮೀ. 10 ರೂಪಾಯಿ ನಾಣ್ಯದ ಅಗಲ 27 ಮಿ.ಮೀ. ದರ್ಜಿಗಳ ಟೇಪ್ 150 ಸೆಂ.ಮೀ. ಇವನ್ನು ಮೊದಲು ಊಹಿಸಲಿ, ಆಮೇಲೆ ಅಳೆಯಲಿ.

ಅಡಿ, ಇಂಚು ಕಲಿಸಬೇಕಾ? ಶಾಲೆಯಲ್ಲಿ ಮೀಟರ್ ಮಾತ್ರ ಇದೆ.

ಮೀಟರ್ ಗಟ್ಟಿಯಾಗಲಿ, ಆಮೇಲೆ. ಆದರೆ ಬಚ್ಚಿಡಬೇಡಿ, ಮಗುವಿನ ಸುತ್ತ ಇರುವುದು ಎರಡೂ. ಬಟ್ಟೆ ಮೀಟರಿನಲ್ಲಿ, ಆಳಿನ ಎತ್ತರ ಅಡಿಯಲ್ಲಿ, ಸೈಟು 30×40 ಅಡಿಯಲ್ಲಿ, ಹೊಲ ಗುಂಟೆಯಲ್ಲಿ. ಒಂದು ಅಡಿ ಅಂದರೆ 30 ಸೆಂ.ಮೀ. ಸ್ಕೇಲಿಗಿಂತ ಸ್ವಲ್ಪವೇ ಜಾಸ್ತಿ, 30.48. ನಾಲ್ಕನೇ ಕ್ಲಾಸಿನವರೆಗೆ ಲೆಕ್ಕ ಹಾಕಿ ಬದಲಾಯಿಸುವುದು ಬೇಡ, ಕಣ್ಣಳತೆ ಸಾಕು.

ಅದೇ ಹಾಲನ್ನು ಉದ್ದ ಲೋಟಕ್ಕೆ ಹಾಕಿದರೆ "ಜಾಸ್ತಿ ಆಯ್ತು" ಅನ್ನುತ್ತಾಳೆ. ಏನಾದರೂ ತೊಂದರೆನಾ?

ಏನೂ ತೊಂದರೆ ಇಲ್ಲ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳ ಜೊತೆ ಮಾಡಿದ ಪ್ರಸಿದ್ಧ ಪ್ರಯೋಗವೇ ಇದು. ಐದು ವರ್ಷದ ಮಗು ಎತ್ತರ ಮಾತ್ರ ನೋಡುತ್ತದೆ, ಅಗಲ ಕಡಿಮೆಯಾದದ್ದನ್ನು ಅದರ ಜೊತೆ ಸೇರಿಸಿ ಯೋಚಿಸುವುದಿಲ್ಲ. ಸುಮಾರು ಏಳು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಸರಿಹೋಗುತ್ತದೆ. ವಾದ ಮಾಡಿ ಒಪ್ಪಿಸಬೇಡಿ, ಒಪ್ಪಿದ ಹಾಗೆ ಮಾಡುತ್ತಾಳೆ ಅಷ್ಟೇ. ಸ್ನಾನದ ಹೊತ್ತಿನಲ್ಲಿ ಚೊಂಬು, ಲೋಟ, ಬಾಟಲಿ ಕೊಟ್ಟು ಸುರಿದಾಡಲು ಬಿಡಿ. ಅಕ್ಕಿ ಅಳೆಯುವ ಪಾವು ಮನೆಯಲ್ಲಿದ್ದರೆ ಅವಳ ಕೈಯಲ್ಲೇ ಅಳೆಸಿ, ನಾಲ್ಕು ಪಾವು ಒಂದು ಸೇರು ಆಗುತ್ತದಾ ನೋಡಲಿ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಎರಡು ಸೇರಿದರೆ ಒಂದು ಲೀಟರ್, ಇದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ.

ತೂಕಕ್ಕೆ ತಕ್ಕಡಿ ಇಲ್ಲ. ಏನು ಮಾಡಲಿ?

ಬಟ್ಟೆ ಹ್ಯಾಂಗರಿನ ಎರಡು ತುದಿಗೆ ಒಂದೇ ತರದ ಎರಡು ಚೀಲ ಕಟ್ಟಿ ಮೊಳೆಗೆ ನೇತುಹಾಕಿ. ದೊಡ್ಡ ಹತ್ತಿ ಉಂಡೆ ಒಂದು ಕಡೆ, ಸಣ್ಣ ಕಲ್ಲು ಇನ್ನೊಂದು ಕಡೆ. ದೊಡ್ಡದೆಲ್ಲ ಭಾರ ಅನ್ನುವ ನಂಬಿಕೆ ಅಲ್ಲೇ ಕಳಚುತ್ತದೆ. ದೊಡ್ಡ ಮಕ್ಕಳಿಗೆ ಅಡುಗೆ ಗ್ಯಾಸ್ ಸಿಲಿಂಡರ್ ತೋರಿಸಿ. ಒಳಗಿನ ಗ್ಯಾಸ್ 14.2 ಕೆ.ಜಿ., ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ. ಎರಡನ್ನೂ ಕೂಡಿಸಿದರೆ ಮನೆಗೆ ಬರುವಾಗ ಎಷ್ಟು ಭಾರ ಇತ್ತು ಅಂತ ಗೊತ್ತಾಗುತ್ತದೆ.

ಸುತ್ತಳತೆ ಮತ್ತು ವಿಸ್ತೀರ್ಣ ಯಾವಾಗಲೂ ಅದಲುಬದಲು ಮಾಡುತ್ತಾನೆ. ಸೂತ್ರ ಎಷ್ಟು ಉರು ಹೊಡೆಸಿದರೂ ಅಷ್ಟೇ.

ಉರು ಹೊಡೆಸಿದ್ದಕ್ಕೇ ಹಾಗಾಗುತ್ತಿದೆ. ಎರಡೂ ಸೂತ್ರದಲ್ಲಿ ಅದೇ ಉದ್ದ, ಅದೇ ಅಗಲ. ಮಗುವಿಗೆ ಎರಡರ ವ್ಯತ್ಯಾಸ ಬರೀ ಕೂಡುವುದು, ಗುಣಿಸುವುದು ಅಷ್ಟೇ. ಸೂತ್ರಗಳನ್ನು ಸ್ವಲ್ಪ ದಿನ ಪಕ್ಕಕ್ಕಿಡಿ.

ಸುತ್ತಳತೆ ಅಂದರೆ ಬೇಲಿ, ವಿಸ್ತೀರ್ಣ ಅಂದರೆ ನೆಲ. ನೋಟ್‌ಬುಕ್ ಸುತ್ತ ದಾರ ಹಿಡಿಸಿ, ದಾರ ಬಿಚ್ಚಿ ಅಳೆಸಿ. ಅದು ಒಂದು ಗೆರೆ. ಆಮೇಲೆ ಅದೇ ನೋಟ್‌ಬುಕ್ ಮೇಲೆ ಒಂದೇ ಅಳತೆಯ ಕಾಗದದ ಚೌಕಗಳನ್ನು ತುಂಬಿಸಿ. ಮೊದಲ ಸಲ ಚೌಕದ ಬದಲು ಹುಣಸೆಬೀಜ ಅಥವಾ ನಾಣ್ಯ ಕೊಟ್ಟು ನೋಡಿ. ಸಂದು ಉಳಿಯುತ್ತದೆ, ಎಣಿಕೆ ಪ್ರತಿ ಸಲ ಬೇರೆ ಬರುತ್ತದೆ. ವಿಸ್ತೀರ್ಣವನ್ನು ಚದರದಲ್ಲಿ ಅಳೆಯುವುದು ಯಾಕೆ ಅನ್ನುವುದಕ್ಕೆ ಆ ಸಂದುಗಳೇ ಉತ್ತರ. ಆಮೇಲೆ ಟೈಲ್ಸ್ ಹಾಕಿದ ಕೋಣೆಯಲ್ಲಿ ಒಂದು ಸಾಲಿಗೆ ಎಷ್ಟು ಟೈಲ್ಸ್, ಎಷ್ಟು ಸಾಲು ಅಂತ ಎಣಿಸಲಿ. ಎಲ್ಲ ಟೈಲ್ಸ್ ಒಂದೊಂದಾಗಿ ಎಣಿಸಿ ಸುಸ್ತಾದ ಮಗು ಗುಣಾಕಾರಕ್ಕೆ ತಾನೇ ಬರುತ್ತದೆ. ಸೂತ್ರ ಬರಬೇಕಾದ ಬಾಗಿಲು ಅದು.

ಈಗ ನನಗೆ ಬಹಳ ಇಷ್ಟವಾದ ಆಟ. 24 ಬೆಂಕಿಕಡ್ಡಿ ಕೊಡಿ, ಎಲ್ಲ ಕಡ್ಡಿ ಬಳಸಿ ಆಯತಗಳನ್ನು ಮಾಡಲು ಹೇಳಿ. 11 ಉದ್ದ 1 ಅಗಲ ಮಾಡಿದರೆ ಒಳಗೆ 11 ಚದರ. 10 ಮತ್ತು 2 ಆದರೆ 20. 9 ಮತ್ತು 3 ಆದರೆ 27. ಹಾಗೇ 32, 35, ಕೊನೆಗೆ 6 ಮತ್ತು 6 ಆದಾಗ 36. ಬೇಲಿ ಒಂದೇ, ನೆಲ ಮಾತ್ರ 11ರಿಂದ 36ರವರೆಗೆ ಬೆಳೆಯಿತು! ಇದನ್ನು ಕಂಡ ಮಗು ಮತ್ತೆ ಸುಲಭಕ್ಕೆ ಎರಡನ್ನೂ ಒಂದು ಅಂದುಕೊಳ್ಳುವುದಿಲ್ಲ.

ಉಲ್ಟಾ ಲೆಕ್ಕ ನಮ್ಮ ಸೈಟಿನಲ್ಲಿದೆ. 30×40 ಸೈಟು 1200 ಚದರಡಿ, ಸುತ್ತ 140 ಅಡಿ. 20×60 ಸೈಟೂ 1200 ಚದರಡಿ, ಆದರೆ ಸುತ್ತ 160 ಅಡಿ. ನೆಲ ಅಷ್ಟೇ, ಕಾಂಪೌಂಡ್ ಗೋಡೆ 20 ಅಡಿ ಜಾಸ್ತಿ ಕಟ್ಟಬೇಕು. ಹಳ್ಳಿಯ ಶಾಲೆಯಾದರೆ ಗುಂಟೆ ತೆಗೆದುಕೊಳ್ಳಿ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, 1089 ಚದರಡಿ, ಅಂಥ 40 ಸೇರಿದರೆ ಎಕರೆ. ಮೈದಾನದಲ್ಲಿ ಹಗ್ಗ, ಸುಣ್ಣದ ಪುಡಿ ಹಿಡಿದು ಒಂದು ಗುಂಟೆ ಗುರುತು ಹಾಕಿಸಿ, ಒಳಗೆ ಎಲ್ಲರನ್ನೂ ನಿಲ್ಲಿಸಿ. ರೈತರ ಮಕ್ಕಳು ಆವತ್ತು ಮನೆಗೆ ಹೋಗಿ ನಮ್ಮ ಹೊಲ ಎಷ್ಟು ಗುಂಟೆ ಅಂತ ಕೇಳದೆ ಇರುವುದಿಲ್ಲ.

ಕೋನಮಾಪಕ ಯಾವಾಗ ಕೊಡಬೇಕು?

ಐದನೇ ಕ್ಲಾಸಿಗಿಂತ ಮೊದಲು ಆತುರ ಬೇಡ. ಅದಕ್ಕೂ ಮೊದಲು ಕೋನ ಅಂದರೆ ತಿರುಗುವುದು ಅಂತ ಗೊತ್ತಾಗಬೇಕು. ಬಾಗಿಲನ್ನು ಸ್ವಲ್ಪ ತೆರೆ, ಇನ್ನೂ ತೆರೆ. ನಿಂತಲ್ಲೇ ಕಾಲು ಸುತ್ತು ತಿರುಗು, ಅರ್ಧ ಸುತ್ತು ತಿರುಗು. ಮಕ್ಕಳು ಸಾಮಾನ್ಯವಾಗಿ ಬಾಹು ಉದ್ದ ಇದ್ದರೆ ಕೋನ ದೊಡ್ಡದು ಅಂದುಕೊಳ್ಳುತ್ತಾರೆ. ಎರಡು ಕಡ್ಡಿ ಜೋಡಿಸಿ ಕೋನ ಮಾಡಿ, ಕಡ್ಡಿಗಳ ತುದಿಗೆ ಇನ್ನೆರಡು ಕಡ್ಡಿ ಸೇರಿಸಿ ಉದ್ದ ಮಾಡಿ, ತೆರೆದದ್ದು ಜಾಸ್ತಿಯಾಯಿತಾ ಅಂತ ಕೇಳಿ.

ಯಾವುದೇ ಹರುಕು ಕಾಗದವನ್ನು ಒಮ್ಮೆ ಮಡಚಿ, ಮಡಿಕೆಯ ಗೆರೆ ಅದರ ಮೇಲೇ ಕೂರುವ ಹಾಗೆ ಇನ್ನೊಮ್ಮೆ ಮಡಚಿದರೆ ಲಂಬಕೋನ ಸಿದ್ಧ. ಅದನ್ನು ಹಿಡಿದು ಮನೆಯ ಮೂಲೆಗಳನ್ನೆಲ್ಲ ಪರೀಕ್ಷೆ ಮಾಡಿ ಬರಲಿ. ಕೆಲವು ಮೂಲೆ ಸರಿ ಇರುವುದಿಲ್ಲ, ಮಕ್ಕಳಿಗೆ ಅದೇ ಖುಷಿ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಯಾವ ಹೆಸರು ಹೇಳಿಕೊಡಲಿ?

ಎರಡೂ ಹೇಳಿ. ಯೋಚನೆ ಮಾತ್ರ ಮನೆಮಾತಿನಲ್ಲೇ ನಡೆಯಲಿ. "ಹೇಗೆ ಗೊತ್ತಾಯ್ತು?" ಅನ್ನುವ ಪ್ರಶ್ನೆಗೆ ಮಗು ತನಗೆ ಬರುವ ಭಾಷೆಯಲ್ಲೇ ಉತ್ತರ ಕೊಡಬಲ್ಲದು. ಟ್ರಯಾಂಗಲ್, ತ್ರಿಭುಜ ಎರಡೂ ನಿಧಾನವಾಗಿ ಒಟ್ಟಿಗೆ ಬರುತ್ತವೆ.

ದುಬಾರಿ ಕಿಟ್ ಅಥವಾ ಮೊಬೈಲ್ ಆ್ಯಪ್ ಬೇಕಾ?

ಕಿಟ್ ಬೇಡ. ದಾರ, ರಟ್ಟು, ಬೆಂಕಿಕಡ್ಡಿ, ದರ್ಜಿ ಟೇಪ್, ಗ್ರಾಫ್ ಹಾಳೆ, ಖಾಲಿ ಪೊಟ್ಟಣಗಳು ಸಾಕು. ಆ್ಯಪ್‌ನಲ್ಲಿ ಆಕಾರ ತಿರುಗಿಸಬಹುದು, ಆದರೆ ಭಾರ ಗೊತ್ತಾಗುವುದಿಲ್ಲ, ಸಂದು ಉಳಿಯುವುದಿಲ್ಲ, ನೀರು ಚೆಲ್ಲುವುದಿಲ್ಲ. ಎಂಟು ವರ್ಷದೊಳಗೆ ನನ್ನ ಪ್ರಕಾರ ಬೇಕಾಗಿಯೇ ಇಲ್ಲ.

ಒಂದೇ ಕೋಣೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿದ್ದಾರೆ. ಎಲ್ಲರಿಗೂ ಒಟ್ಟಿಗೆ ಹೇಗೆ?

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿಯ ಕ್ಲಾಸುಗಳ ಟೀಚರ್‌ಗಳಿಗೆ ಇದು ದಿನದ ಪ್ರಶ್ನೆ. ಅಳತೆಯ ಪಾಠಕ್ಕೆ ಇಂಥ ಕ್ಲಾಸು ನಿಜಕ್ಕೂ ಅನುಕೂಲ. ಒಂದೇ ಕೆಲಸ ಕೊಟ್ಟು ಕೇಳುವ ಪ್ರಶ್ನೆ ಬದಲಾಯಿಸಿ. ಜಗಲಿಯ ಉದ್ದ ಅಳೆಯಬೇಕು ಅಂದುಕೊಳ್ಳಿ. ಒಂದನೇ ಕ್ಲಾಸಿನವರು ಹೆಜ್ಜೆ ಎಣಿಸಲಿ. ಎರಡನೆಯವರು ಒಂದು ಕೋಲು ಹಿಡಿದು ಅಳೆದು, ಹೆಜ್ಜೆಯ ಎಣಿಕೆ ಒಬ್ಬೊಬ್ಬರದು ಒಂದೊಂದು ಯಾಕೆ ಬಂತು ಅಂತ ಹೇಳಲಿ. ಮೂರನೆಯವರು ಮೊದಲು ಊಹಿಸಿ ಬರೆದಿಟ್ಟು, ಆಮೇಲೆ ಮೀಟರ್ ಟೇಪಿನಲ್ಲಿ ಅಳೆದು, ಊಹೆಗೂ ಅಳತೆಗೂ ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕಲಿ. ಚಿಕ್ಕವರು ದೊಡ್ಡವರ ಟೇಪಿನ ತುದಿ ಹಿಡಿದುಕೊಂಡು ನಿಲ್ಲಲಿ.

ಕಲಿತಿದೆಯಾ ಇಲ್ಲವಾ ಅಂತ ಹೇಗೆ ತಿಳಿಯುವುದು?

ಪ್ರಶ್ನೆಪತ್ರಿಕೆಗಿಂತ ಊಹೆಯನ್ನು ನೋಡಿ. ಮಗುವಿನ ಊಹೆ ತಿಂಗಳಿಂದ ತಿಂಗಳಿಗೆ ಅಳತೆಗೆ ಹತ್ತಿರವಾಗುತ್ತಿದ್ದರೆ ಕಲಿಯುತ್ತಿದೆ. ಬಾಗಿಲಿನ ಎತ್ತರ 20 ಮೀಟರ್ ಅಂತ ಉತ್ತರ ಬಂದಾಗ "ಇದು ಹೇಗೆ ಆಗುತ್ತೆ?" ಅಂತ ತಾನೇ ನಿಂತು ಮತ್ತೆ ಅಳೆಯಲು ಹೋದರೆ ಚೆನ್ನಾಗಿ ಕಲಿತಿದೆ. ಬರೀ ಅಂಕಿ ಸರಿಯಾಗಿ ಬರೆದು "8" ಅಂತ ಬಿಟ್ಟರೆ ಎಂಟು ಏನು ಅಂತ ಕೇಳಿ. ಗೇಣಾ, ಸೆಂಟಿಮೀಟರಾ, ಲೋಟವಾ? ಉತ್ತರ ಬರುವವರೆಗೆ ಕಾಯಿರಿ, ನೀವೇ ಹೇಳಿಬಿಡಬೇಡಿ.